ಮೂವತ್ತಾರು ಹೆಸರುಗಳ ಕಳ್ಳ

ಶಮಶೇರಸಾಬರು ಯಾರನ್ನೂ ನಂಬುವುದಿಲ್ಲ ಎಂದು ಬ್ಯಾಡಗಿಯ ಜನ ಆಡಿಕೊಳ್ಳುತ್ತಿದ್ದುದು ಪೂರ್ತಿ ನಿಜವಲ್ಲ. ಅವರು ಬೀಗವನ್ನು ನಂಬುತ್ತಿದ್ದರು. ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತಿದ್ದರು ಎಂಬುದು ಬೇರೆ ಮಾತು. ಬಸ್ಸಿನ ಹಣೆಯ ಮೇಲೆ ದೊಡ್ಡದಾಗಿ 'ಹಾವೇರಿ' ಎಂದು ಬರೆದಿದ್ದರೂ ಡ್ರೈವರನನ್ನು ಒಮ್ಮೆ, ಕಂಡಕ್ಟರನನ್ನು ಒಮ್ಮೆ ಕೇಳಿ, ಇಬ್ಬರ ಮಾತೂ ತಾಳೆಯಾದರೆ ಮಾತ್ರ ಹತ್ತುತ್ತಿದ್ದರು. ಹತ್ತಿದ ಮೇಲೂ ಮೋಟೆಬೆನ್ನೂರು ಕಣ್ಣಿಗೆ ಬೀಳುವವರೆಗೆ ಸೀಟಿನ ತುದಿಯಲ್ಲೇ ಕೂತಿರುತ್ತಿದ್ದರು. ವರದಾ ಗ್ಯಾಸ್ ಏಜೆನ್ಸಿಯಲ್ಲಿ ಅವರು ಗುಮಾಸ್ತರಾಗಿ ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷವೂ ರಿಜಿಸ್ಟರನ್ನು ಎಡಗೈ ಅಡ್ಡ ಹಿಡಿದೇ ಬರೆದಿದ್ದರು. ಸಿಲಿಂಡರ್ ಯಾರ ಮನೆಗೆ ಹೋಯಿತೆಂಬುದರಲ್ಲಿ ಕದಿಯುವಂಥದ್ದೇನಿದೆ ಎಂದು ಯಾರಾದರೂ ಕೇಳಿದರೆ, "ಅದನ್ನ ನೀ ಯಾಕ ಕೇಳಾಕತ್ತೀದಿ?" ಎಂದು ಕೇಳಿದವನನ್ನೇ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು.

ತೊಂಬತ್ತನಾಲ್ಕರ ಡಿಸೆಂಬರಿನಲ್ಲಿ ಏಜೆನ್ಸಿಗೆ ಎಪ್ಪತ್ತೆರಡು ಹೊಸ ಕನೆಕ್ಷನ್ ಮಂಜೂರಾದವು. ಅರ್ಜಿ ಹಾಕಿ ಮೂರು ವರ್ಷದಿಂದ ಕಾದು ಕೂತ ಜನ. ಮಾಲೀಕ ಪರಮೇಶಪ್ಪನವರಿಗೆ ಹೊಸತೆಂದರೆ ಪ್ರಾಣ. ಈ ಸಲ ಪಟ್ಟಿಯನ್ನು ಕಂಪ್ಯೂಟರಿನಲ್ಲೇ ತಯಾರಿಸುವುದೆಂದು ಒಂದು ದೊಡ್ಡ ಪೆಟ್ಟಿಗೆ ತರಿಸಿ, ಅದಕ್ಕೆ ಎರಡು ಪರದೆ ಜೋಡಿಸಿದರು. ಒಂದು ಪರದೆ ಹೊರಗೆ ಕೌಂಟರಿನಲ್ಲಿ, ಎರಡನೇ ಗುಮಾಸ್ತ ಗೋಣೆಪ್ಪನ ಮುಂದೆ. ಇನ್ನೊಂದು ಒಳಕೋಣೆಯಲ್ಲಿ, ಶಮಶೇರಸಾಬರ ಮುಂದೆ. ಪೆಟ್ಟಿಗೆ ಒಂದೇ, ಪಟ್ಟಿಯೂ ಒಂದೇ, ಬರೆಯುವವರು ಇಬ್ಬರು. ತಲೆಗೆ ಮೂವತ್ತಾರು ಹೆಸರು. ಹದಿನೈದನೇ ತಾರೀಖು ಗುರುವಾರ ಸಂಜೆ ಐದೂವರೆಗೆ ಪಟ್ಟಿ ಕೌಂಟರಿನಲ್ಲಿ ಅಚ್ಚಾಗಿ ಜೀಪಿನಲ್ಲಿ ಹುಬ್ಬಳ್ಳಿಗೆ ಹೋಗಬೇಕು. ಅದರಲ್ಲಿ ಹೆಸರಿಲ್ಲದವನು ಮುಂದಿನ ಮಂಜೂರಿಯವರೆಗೆ ಒಲೆ ಊದುತ್ತಿರಬೇಕು.

ಶಮಶೇರಸಾಬರ ಪಾಲಿಗೆ ಬಂದ ಅರ್ಜಿಗಳಲ್ಲಿ ಒಂದು ಅಲ್ಲಾವುದ್ದೀನನದು. ಹುಡುಗ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಫಿಟ್ಟರ್. ಅವನಿಗೂ ಶಮಶೇರಸಾಬರ ಮಗಳು ರಹಿಮತಬಿಗೂ ಲಗ್ನದ ಮಾತು ನಡೆದಿತ್ತು. ಹುಡುಗನ ತಂದೆ, ಹಾವೇರಿಯ ಅಲ್ಲಾಬಕ್ಷರು, ಕೊಡು-ತಗೊಳ್ಳುವ ಮಾತೇ ಎತ್ತಿರಲಿಲ್ಲ. ಅವರು ಹೇಳಿದ್ದು ಒಂದೇ ಮಾತು.

"ನಮ್ಮ ಮನಿಯಾಕಿ ಅಕ್ಬರಬಿ ಊದುಗೊಳವಿ ಊದಿ ಊದಿ ಕಣ್ಣು ಹಾಳ ಮಾಡ್ಕೊಂಡಾಳ. ಸೊಸಿಗೆ ಆ ಹೊಗಿ ಬ್ಯಾಡ ಅಂತ ಆಕಿ ಹಟ. ಹುಡುಗನ ಅರ್ಜಿ ಮೂರು ವರ್ಷದ್ದು ಐತಿ. ಗ್ಯಾಸ್ ಪಟ್ಟಿಯಾಗ ಹೆಸರು ಬರ್ಲಿ ಬೀಗ್ರ, ಮರುದಿನಾನ ತಾರೀಖು ಹಿಡಿಯೋಣು."

ಶಮಶೇರಸಾಬರು ಅಂದು ಗಡ್ಡ ನೀವಿಕೊಂಡು ದೊಡ್ಡ ಮಾತಾಡಿಬಿಟ್ಟರು. "ಬೀಗ್ರ, ಆ ಪಟ್ಟಿ ಬರಿಯಾಂವ ಯಾರು? ನಾನ! ಹೆಸರು ಬಂತು ಅಂತ ಇವತ್ತ ತಿಳ್ಕೊಂಡಬಿಡ್ರಿ."

ಯಂತ್ರ ಕಲಿಸಲು ರಾಣೆಬೆನ್ನೂರಿನಿಂದ ಇಂಜಿನಿಯರ್ ಬರುತ್ತಾರೆ ಎಂದಾಗ ಎಲ್ಲರೂ ಟೈ ಕಟ್ಟಿದ ಗಂಡಸನ್ನು ಎದುರುನೋಡುತ್ತಿದ್ದರು. ಬಂದವರು ಇಳಕಲ್ ಸೀರೆಯುಟ್ಟ, ಎರಡು ಬುತ್ತಿ ಡಬ್ಬಿಯ ಚೀಲ ಹಿಡಿದ ಉಚ್ಚಂಗೆವ್ವ ಮೇಡಂ. ಶಮಶೇರಸಾಬರು ಆಗಲೇ ಒಂದು ಸಂಶಯವನ್ನು ತೆಗೆದಿಟ್ಟುಕೊಂಡರು: ಒಬ್ಬರಿಗೆ ಎರಡು ಬುತ್ತಿ ಯಾಕೆ?

ಮೇಡಂ ಮೊದಲು ಕೌಂಟರಿನಲ್ಲಿ ಗೋಣೆಪ್ಪನಿಗೆ ಕಲಿಸಿ, ಆಮೇಲೆ ಒಳಕೋಣೆಗೆ ಬಂದರು. ಹೆಸರು ಸೇರಿಸುವುದು ಹೇಗೆ, ಸೇರಿಸಿದ್ದನ್ನು ನೋಡುವುದು ಹೇಗೆ ಎಂದು ಹೇಳಿಕೊಟ್ಟರು. ಶಮಶೇರಸಾಬರು ಒಂದೇ ಪ್ರಶ್ನೆ ಕೇಳಿದರು.

"ನಾ ಇಲ್ಲಿ ಬರದದ್ದು ಆ ಗೋಣೆಪ್ಪಗ ಅಲ್ಲಿ ಕಾಣ್ತೈತೇನ್ರಿ?"

"ಕಾಣ್ತೈತ್ರಿ. ಬರದ ಕೂಡ್ಲೆ ಕಾಣ್ತೈತಿ."

ಶಮಶೇರಸಾಬರ ಮುಖ ಸಪ್ಪಗಾಯಿತು. ಹನ್ನೊಂದು ವರ್ಷದ ಎಡಗೈ ಸುಮ್ಮನೆ ಹೋಯಿತಲ್ಲ! ಮೇಡಂ ಕನಿಕರದ ಹೆಂಗಸು. ಅವರು ಕುರ್ಚಿ ಎಳೆದುಕೊಂಡು ವಿವರಿಸಿದರು.

"ನೋಡ್ರಿ ಸಾಹೇಬ್ರ, ನೀವು ಮುಂಜಾನೆ ಯಂತ್ರದ ಮುಂದ ಕುಂತು ನಿಮ್ಮ ಹೆಸರು ಹೊಡದಾಗಿಂದ ಏಳೂತನಕ ಒಂದು ಬೈಠಕ್. ಅದಕ್ಕ ಸೆಶನ್ ಅಂತೇವಿ. ನಿಮ್ಮ ಸೆಶನ್‌ನ್ಯಾಗ ಕೆಲಸ ಹೆಂಗ ನಡೀಬೇಕು ಅಂತ ನೀವ ಹೇಳಬಹುದು. ಎದ್ದು ಹೋದ್ರ ಯಂತ್ರ ಅದನ್ನ ಮರೀತೈತಿ, ಮರುದಿನ ಮತ್ತ ಹೇಳಬೇಕು. ಈಗ ಆಟೋಕಮಿಟ್ ಆನ್ ಐತಿ. ಅಂದ್ರ ಬರದ ಸಾಲು ಆಗಿಂದಾಗ ಪಕ್ಕಾ ಆಗ್ತೈತಿ, ಎಲ್ಲಾರಿಗೂ ಕಾಣ್ತೈತಿ. ಬ್ಯಾಡ ಅಂದ್ರ ದಿನಾ ಮುಂಜಾನೆ 'ಸೆಟ್ ಆಟೋಕಮಿಟ್ ಆಫ್' ಅಂತ ಒಂದು ಸಾಲು ಹೊಡೀರಿ. ಆಮ್ಯಾಲ ನೀವು ಬರದದ್ದು ನಿಮಗಷ್ಟ ಕಾಣ್ತೈತಿ..."

'ನಿಮಗಷ್ಟ ಕಾಣ್ತೈತಿ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಶಮಶೇರಸಾಬರು ತಟ್ಟನೆ ಎದ್ದು ಬಾಗಿಲಿಗೆ ಓಡಿದರು. ಇಂಥ ಗುಟ್ಟಿನ ಮಾತನ್ನು ಗೋಣೆಪ್ಪ ಹೊರಗೆ ನಿಂತು ಕೇಳುತ್ತಿದ್ದಾನೋ ಹೇಗೆ ಎಂದು ಇಣುಕಿ, ಬಾಗಿಲು ಮುಂದೆ ಮಾಡಿ, ಕಿಟಕಿಯ ಚಿಲಕ ಹಾಕಿ, ಅದನ್ನು ಮೂರು ಸಲ ಜಗ್ಗಿ ವಾಪಸು ಬಂದರು. ಅಷ್ಟರಲ್ಲಿ ಮೇಡಂ, ಕೆಲಸ ಮುಗಿದ ಮೇಲೆ ತಪ್ಪದೆ 'ಕಮಿಟ್' ಎಂದು ಹೊಡೆಯಬೇಕು, ಅಲ್ಲಿಯವರೆಗೆ ಬರೆದದ್ದೆಲ್ಲ ಹಸಿ ಗೋಡೆಯಿದ್ದಂತೆ, ಹೊಡೆಯದೆ ಯಂತ್ರ ನಿಂತರೆ ಒಂದಕ್ಷರವೂ ಉಳಿಯುವುದಿಲ್ಲ ಎಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿ ಮುಗಿಸಿದ್ದರು. ಬೆನ್ನು ಈ ಕಡೆ ಮಾಡಿ ಕಂಪ್ಯೂಟರಿಗೇ ಮುಖ ಕೊಟ್ಟು ಕೂತಿದ್ದರಿಂದ, ಕೇಳುವವರು ಎದ್ದು ಹೋದದ್ದು ಅವರಿಗೆ ಗೊತ್ತಾಗಲಿಲ್ಲ.

"ತಿಳೀತಲ್ರಿ?" ಎಂದರು.

"ಪೂರಾ ತಿಳೀತ್ರಿ," ಎಂದರು ಶಮಶೇರಸಾಬರು.

ಮರುದಿನವೇ ಒಳಕೋಣೆಯ ಬಾಗಿಲಿಗೆ ಒಂದು ಹಳೆಯ ಚಾದರ ಇಳಿಬಿತ್ತು. ಶಮಶೇರಸಾಬರು ಬಿಸ್ಮಿಲ್ಲಾ ಎಂದು, ಮೇಡಂ ಹೇಳಿಕೊಟ್ಟ ಮೊದಲ ಸಾಲು ಹೊಡೆದರು. ಆಮೇಲೆ ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದಂತೆ ಒಂದೊಂದು ಅಕ್ಷರ ಹೆಕ್ಕಿ, ಸಂಜೆಯ ಹೊತ್ತಿಗೆ ಇಪ್ಪತ್ತು ಹೆಸರು ಸೇರಿಸಿದರು. ಗೋಣೆಪ್ಪನ ಪರದೆಯಲ್ಲಿ ಒಂದೂ ಕಾಣುತ್ತಿಲ್ಲ ಎಂಬುದನ್ನು ನೀರು ಕುಡಿಯುವ ನೆಪದಲ್ಲಿ ನಾಲ್ಕು ಸಲ ಹೋಗಿ ಖಾತ್ರಿ ಮಾಡಿಕೊಂಡರು. ಎಲ್ಲರೂ ಹೋದ ಮೇಲೆ ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಖಟ್ ಎಂದು ಕೆಳಗೆಳೆದು, ಬೀಗ ಹಾಕಿ, ಜಗ್ಗಿ ಮನೆಗೆ ಹೋದರು. ಬರೆದ ರಿಜಿಸ್ಟರ್ ಮುಚ್ಚಿಟ್ಟರೆ ಬರಹ ಎಲ್ಲಿಗೆ ಹೋಗುತ್ತದೆ? ಯಂತ್ರವೂ ಹಾಗೆಯೇ ಎಂದು ಅವರ ಲೆಕ್ಕ.

ಮರುದಿನ ಬಂದು ನೋಡಿದರೆ ಇಪ್ಪತ್ತೂ ಹೆಸರು ಮಾಯ. ಗೋಣೆಪ್ಪನ ಹದಿನೆಂಟು ಹೆಸರು ಮಾತ್ರ ಕೂದಲು ಕೊಂಕದೆ ಕುಳಿತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಏನೋ ಎಡವಟ್ಟಾಯಿತು ಎಂದು ರಾಣೆಬೆನ್ನೂರಿಗೆ ಫೋನ್ ಮಾಡುತ್ತಿದ್ದರು. ಶಮಶೇರಸಾಬರು ನಕ್ಕರು. ಹನ್ನೊಂದು ವರ್ಷದಿಂದ ಕಾಯುತ್ತಿದ್ದ ಕಳ್ಳ ಕಡೆಗೂ ಬಂದಿದ್ದ! ಇಷ್ಟು ವರ್ಷ ಸುಮ್ಮನೆ ಸಂಶಯಪಟ್ಟೆನೇನೋ ಎಂಬ ಒಂದು ಸಣ್ಣ ಅಳುಕು ಅವರಿಗಿತ್ತು. ಅದು ಅಂದು ದೂರವಾಯಿತು. ಮಾಲೀಕರಿಗೆ ಹೇಳೋಣವೆಂದರೆ ಮಾಲೀಕರಿಗೂ ಭಾವಮೈದುನರಿದ್ದಾರೆ, ಅವರಿಗೂ ಗ್ಯಾಸು ಬೇಕು. ಹೀಗಾಗಿ ಯಾರಿಗೂ ಹೇಳದೆ ಹೆಸರುಗಳನ್ನು ಮತ್ತೆ ಮೊದಲಿನಿಂದ ಸೇರಿಸಿದರು. ಮರುದಿನ ಅವೂ ಹೋಗಿದ್ದವು. ಒಂಬತ್ತಕ್ಕೆ ಬರುತ್ತಿದ್ದವರು ಎಂಟಕ್ಕೆ ಬಂದರು, ಏಳಕ್ಕೆ ಬಂದರು. ಅಭ್ಯಾಸವಾಗಿ ಬೆರಳೂ ಚುರುಕಾಯಿತು. ಸಂಜೆಗೆ ಮೂವತ್ತಾರೂ ಮುಗಿಯತೊಡಗಿದವು. ಮುಂಜಾನೆ ಮೂವತ್ತಾರೂ ಇಲ್ಲ.

"ಗೋಣೆಪ್ಪ, ನಿನ್ನ ಹೆಸರು ಎಲ್ಲಾ ಆರಾಮ ಅದಾವ?" ಎಂದು ಒಂದು ದಿನ ಸಹಜವಾಗಿ ಕೇಳಿದಂತೆ ಕೇಳಿದರು.

"ಅದಾವ್ರಿ. ಮೂವತ್ತಾರೂ ಮುಗದಾವು. ನಿಮ್ಮವು ಒಂದೂ ಕಾಣವಲ್ವು? ಇನ್ನೂ ಸುರು ಮಾಡಿಲ್ಲೇನ್ರಿ?"

ನೋಡಿದಿರಾ, ಬೆಣ್ಣೆಯಂಥ ಮಾತು! ಶಮಶೇರಸಾಬರು ಹಲ್ಲು ಕಚ್ಚಿ ಒಳಗೆ ಹೋದರು.

ಹನ್ನೆರಡನೇ ತಾರೀಖು ಸೋಮವಾರ ಮಧ್ಯಾಹ್ನ ಅಲ್ಲಾಬಕ್ಷರು ಬಂದರು. ಕೌಂಟರಿಗೆ ಹೋಗಿ ಮಗನ ಹೆಸರು ಬಂದಿದೆಯೇ ಎಂದು ಕೇಳಿದರು. ಗೋಣೆಪ್ಪ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿ, "ಇಲ್ಲರೀ," ಎಂದ. ಅಲ್ಲಾಬಕ್ಷರು ಚಾದರ ಸರಿಸಿ ಒಳಗೆ ಬಂದರು.

"ಏನ್ರಿ ಬೀಗ್ರ, ಹೆಸರಿಲ್ಲ ಅಂತಾನಲ್ಲ ಅಂವ?"

"ಇಲ್ಲ ಅಂತಾನ? ಬರ್ರಿ, ಕುಂದ್ರಿ. ನಿಮ್ಮ ಕಣ್ಣಿಲೆ ನೋಡ್ರಿ. ಇದು ಯಾರ ಹೆಸರು?"

ಅಂದು ಅವರು ಬರೆದ ಇಪ್ಪತ್ತೇಳನೇ ಸಾಲಿನಲ್ಲಿ ಅಲ್ಲಾವುದ್ದೀನ, ತಂದೆ ಅಲ್ಲಾಬಕ್ಷ ಎಂದು ಹಸಿರು ಅಕ್ಷರದಲ್ಲಿ ಹೊಳೆಯುತ್ತಿತ್ತು. ಅಲ್ಲಾಬಕ್ಷರು ಕನ್ನಡಕ ಒರೆಸಿ ಓದಿದರು. ಹೊರಗೆ ಹೋಗಿ ಗೋಣೆಪ್ಪನ ಪರದೆ ನೋಡಿದರು: ಇಲ್ಲ. ಒಳಗೆ ಬಂದರು: ಇದೆ. ಮತ್ತೆ ಹೊರಗೆ: ಇಲ್ಲ. ಸರತಿಯಲ್ಲಿ ನಿಂತ ಜನ ಅವರ ಸುತ್ತುಗಳನ್ನು ಎಣಿಸತೊಡಗಿದರು. ಐದನೇ ಸಲಕ್ಕೆ ಅವರು ಒಳಕೋಣೆಯಲ್ಲಿ ಉಸಿರು ಬಿಡುತ್ತ ಕೂತರು.

"ಪೆಟ್ಟಿಗಿ ಒಂದ?"

"ಒಂದ."

"ಪಟ್ಟಿ ಒಂದ?"

"ಒಂದ."

"ಹಂಗಾರ ಒಳಗ ಐತಿ, ಹೊರಗಿಲ್ಲ. ಬೀಗ್ರಿಗೆ ತೋರ್ಸಾಕ ಬ್ಯಾರೆ, ಹುಬ್ಬಳ್ಳಿಗೆ ಕಳಸಾಕ ಬ್ಯಾರೆ ಇಟ್ಟೀರೇನು?"

ಶಮಶೇರಸಾಬರು ಧ್ವನಿ ತಗ್ಗಿಸಿದರು. "ಹಳ್ಳಕ್ಕ ಬಿದ್ದಂಗ ಒದರಬ್ಯಾಡ್ರಿ. ಇಲ್ಲೊಬ್ಬ ಕಳ್ಳ ಅದಾನ. ನಾ ಬರೀತೇನಿ, ಅಂವ ಅಳಸ್ತಾನ."

"ನಿಮ್ಮವಷ್ಟ ಅಳಸ್ತಾನೇನು?"

"ನನ್ನವಷ್ಟ."

ಅಲ್ಲಾಬಕ್ಷರು ಎದ್ದು ನಿಂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಇನ್ನೂ ಕೆಟ್ಟದ್ದಿತ್ತು: ಸಂಶಯ. ಬೇರೆಯವರ ಮುಖದಲ್ಲಿ ತಮ್ಮ ಬಗ್ಗೆ ಅದನ್ನು ಶಮಶೇರಸಾಬರು ಮೊದಲ ಸಲ ನೋಡಿದರು.

"ಗುರುವಾರ ಪಟ್ಟಿ ಹೋಗೂ ಮುಂದ ನಾನ ಬಂದು ನೋಡ್ತೇನಿ. ಪ್ರಶ್ನಿ ಗ್ಯಾಸಿಂದಲ್ಲ ಬೀಗ್ರ, ನೀವು ಕೊಟ್ಟ ಮಾತಿಂದು. ಹೆಸರಿದ್ರ ತಾರೀಖು. ಇಲ್ಲಂದ್ರ ನಮಗ ನಿಮಗ ಸಲಾಂ ಆಲೇಕುಂ ಅಷ್ಟ."

ಮನೆಯಲ್ಲಿ ಹಾಜಿರಾಬಿ ಗಂಡನ ಮಾತೆಲ್ಲ ಕೇಳಿ, "ಅಲ್ರಿ, ಗೋಣೆಪ್ಪ ಹಂಗಲ್ಲರಿ. ನನಗ ಜ್ವರ ಬಂದಾಗ ಮನೀತನಕ ಔಷಧ ತಂದಕೊಟ್ಟಾನ," ಎಂದಳು. ಶಮಶೇರಸಾಬರು, "ಅದ! ಆ ಔಷಧ ಯಾಕ ತಂದಕೊಟ್ಟ ಅಂತ ನಾ ಇನ್ನೂ ವಿಚಾರ ಮಾಡಾಕತ್ತೇನಿ," ಎಂದರು. ಗೋಡೆಯಾಚೆಯ ಭರಮವ್ವ ಇಷ್ಟನ್ನೂ ಕೇಳಿಸಿಕೊಂಡು, ಗ್ಯಾಸ್ ಆಫೀಸಿನಲ್ಲಿ ಯಾರೋ ಹೆಸರು ತಿನ್ನುವ ಮಾಟ ಮಾಡಿಸಿದ್ದಾರೆಂದು ಓಣಿಗೆಲ್ಲ ಹಂಚಿದಳು. ರಹಿಮತಬಿ ತಟ್ಟೆ ತಂದಿಟ್ಟು ತಂದೆಯ ಮುಖ ನೋಡಿ ಹೋದಳು. ಶಮಶೇರಸಾಬರು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಬುಧವಾರ ಸಂಜೆ ಅವರು ಬಲೆ ಹೂಡಿದರು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಒಮ್ಮೆ ಬೆರಳಿಗೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ. ಮನೆಯಿಂದ ತಂದ ಮೆಣಸಿನ ಪುಡಿಯನ್ನು ಕಂಪ್ಯೂಟರಿನ ಕೀಲಿಮಣೆಯ ಮೇಲೆಲ್ಲ ಧಾರಾಳವಾಗಿ ಉದುರಿಸಿದರು. ನಾಳೆ ಯಾರ ಬೆರಳು ಕೆಂಪೋ ಅವನೇ ಕಳ್ಳ. ಆಮೇಲೆ ಖಟ್ ಎಂದು ಮೇನ್ ಸ್ವಿಚ್ ಎಳೆದು, ತುಂಬ ದಿನಗಳ ಮೇಲೆ ನೆಮ್ಮದಿಯಿಂದ ನಿದ್ದೆ ಮಾಡಿದರು.

ಗುರುವಾರ ಮುಂಜಾನೆ ಏಳಕ್ಕೆ ನೋಡಿದರೆ ಹೆಸರುಗಳಿಲ್ಲ. ಪುಡಿ ಹಾಕಿದ್ದು ಹಾಕಿದ ಹಾಗೇ ಇದೆ. ಕಳ್ಳ ಮುಟ್ಟಿದ ಮೇಲೆ ಮತ್ತೆ ಪುಡಿ ಉದುರಿಸಿಟ್ಟು ಹೋಗಿದ್ದಾನೆ, ಭಾರಿ ಖದೀಮ ಎಂದು ತೀರ್ಮಾನಿಸಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೆರಳುಗಳ ತಪಾಸಣೆಗೆ ಕೂತರು.

ಗುರುವಾರ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಿನ ಎಂಬುದನ್ನು ಅವರು ಮರೆತಿದ್ದರು.

ಮೊದಲು ಬಂದ ಗೋಣೆಪ್ಪನ ಹತ್ತೂ ಬೆರಳು ಕೆಂಪು. "ಭಾವನ ಚೀಲ ಇಳಸಾಕ ಹೋಗಿದ್ನಿರಿ," ಎಂದ. ಶಮಶೇರಸಾಬರು ಸಂತೋಷದಿಂದ ಎದ್ದು ನಿಲ್ಲುವಷ್ಟರಲ್ಲಿ ಪರಮೇಶಪ್ಪನವರು ಬಂದರು. ಪೇಟೆಯಲ್ಲಿ ಮಾಲು ಮುರಿದು ನೋಡಿದ ಅವರ ಬೆರಳೂ ಕೆಂಪು. ಸಿಲಿಂಡರ್ ಹೊರುವ ಡಾಕಪ್ಪನದು ಕೆಂಪು. ಸರತಿಯಲ್ಲಿದ್ದ ಹದಿನಾಲ್ಕು ಮಂದಿಯದೂ ಕೆಂಪು. ಬುತ್ತಿ ತಂದ ಹಾಜಿರಾಬಿಯದೂ ಕೆಂಪು. ಇಷ್ಟು ದೊಡ್ಡ ಸಂಚು ಎಂದು ಶಮಶೇರಸಾಬರು ಎಣಿಸಿರಲಿಲ್ಲ. ಅವರ ಸ್ವಂತ ಬೆರಳೂ ಕೆಂಪಾಗಿಯೇ ಇತ್ತು, ಆದರೆ ಅದನ್ನು ತನಿಖೆಯಿಂದ ಕೈಬಿಡಲಾಗಿತ್ತು.

ಬರೆಯಲು ಕೂತರೆ ಕೀಲಿಗಳು ಪುಡಿ ಕುಡಿದು ಅಂಟಿಕೊಂಡಿದ್ದವು. ಪರಮೇಶಪ್ಪನವರು ಗಾಬರಿಯಾಗಿ ಫೋನ್ ಮಾಡಿದರು. ಹತ್ತು ಗಂಟೆಯ ಬಸ್ಸಿಗೆ ಉಚ್ಚಂಗೆವ್ವ ಮೇಡಂ ಬೇರೆ ಕೀಲಿಮಣೆ ಹಿಡಿದು ಬಂದರು. ಅವರ ಬೆರಳು ಮಾತ್ರ ಸ್ವಚ್ಛ. ಶಮಶೇರಸಾಬರು ಅವರನ್ನೇ ದುರುಗುಟ್ಟಿ ನೋಡಿದರು. ಇಡೀ ಊರಲ್ಲಿ ಕೈ ತೊಳೆದುಕೊಂಡವಳು ಇವಳೊಬ್ಬಳೇ!

"ಯಾರ್ರಿ ಇದಕ್ಕ ಒಗ್ಗರಣಿ ಹಾಕಿದವರು?" ಎಂದು ಮೇಡಂ ಹಳೆಯ ಕೀಲಿಮಣೆಯನ್ನು ಬೋರಲು ಹಾಕಿ ಬಡಿದು, ಮೂರು ಸಲ ಸೀನಿದರು.

ಶಮಶೇರಸಾಬರು ಚಾದರ ಎಳೆದುಕೊಂಡು, ಮೊದಲ ಸಾಲು ಹೊಡೆದು, ಒಂದೇ ಉಸಿರಿನಲ್ಲಿ ಬರೆಯತೊಡಗಿದರು. ಊಟಕ್ಕೂ ಏಳಲಿಲ್ಲ. ಮೂರೂವರೆಗೆ ಮೂವತ್ತಾರನೆಯ ಹೆಸರು ಮುಗಿಯಿತು. ಅಷ್ಟೊತ್ತಿಗೆ ಅಲ್ಲಾಬಕ್ಷರು ಕೌಂಟರಿನಲ್ಲಿ ನಿಂತಿದ್ದರು.

"ಇಲ್ಲರೀ, ಮೂವತ್ತಾರ ಅದಾವು, ಎಲ್ಲಾ ನಾ ಬರದವು," ಎಂದು ಗೋಣೆಪ್ಪ ಹೇಳಿದ್ದು ಒಳಗೆ ಕೇಳಿಸಿತು. ಪರಮೇಶಪ್ಪನವರು ಕೂಗಿದರು, "ಶಮಶೇರಸಾಬ್ರ! ಹತ್ತು ದಿವಸ ಏನ ಮಾಡಿದ್ರಿ ಒಳಗ ಕುಂತು?"

ಹನ್ನೊಂದು ವರ್ಷದಲ್ಲಿ ಮಾಲೀಕರು ಹಾಗೆ ಕೂಗಿರಲಿಲ್ಲ. ಶಮಶೇರಸಾಬರು ಚಾದರ ಕಿತ್ತೆಸೆದು ಹೊರಗೆ ಬಂದು ಗೋಣೆಪ್ಪನತ್ತ ಬೆರಳು ಚಾಚಿದರು.

"ಕೇಳ್ರಿ ಈ ಮನಷ್ಯಾನ್ನ! ದಿನಾ ನಾ ಬರೀತೇನಿ, ದಿನಾ ಅಳಸ್ತಾನ! ನನ್ನ ಮಗಳ ಲಗ್ನ ತಪ್ಪಸಾಕ ನಿಂತಾನ!"

ಗೋಣೆಪ್ಪ ಕುರ್ಚಿಯಿಂದ ಎದ್ದ. "ನಾನಾ? ಸಾಹೇಬ್ರ, ರಹಿಮತ ನನ್ನ ಕಣ್ಣ ಮುಂದ ಬೆಳದ ಹುಡಿಗಿ," ಎಂದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಎಲ್ಲರೂ ನೋಡಿದರು. ಮೆಣಸಿನ ಘಾಟು ಎಂದು ಶಮಶೇರಸಾಬರು ಅಂದುಕೊಂಡರು.

ಮೇಡಂ ಅಷ್ಟರಲ್ಲಿ ಒಳಕೋಣೆಗೆ ಹೋಗಿ ಪರದೆ ನೋಡಿ, ಅಲ್ಲಿಂದಲೇ ಕೇಳಿದರು. "ಸಾಹೇಬ್ರ, ಇಲ್ಲಿ ಎಲ್ಲಾ ಹೆಸರೂ ಅದಾವಲ್ರಿ. ಆಟೋಕಮಿಟ್ ಆಫ್ ಇಟ್ಟೀರಿ. ಕಮಿಟ್ ಹೊಡದಿಲ್ಲೇನು?"

"ಏನ ಹೊಡದಿಲ್ಲ?"

"ಕಮಿಟ್! ನಾ ಅವತ್ತ ಹೇಳಿದ್ನಲ್ಲ. ನಿಮ್ಮ ಹೆಸರು ಯಾರೂ ಅಳಸಿಲ್ಲರಿ, ಅವು ಇನ್ನೂ ಪಕ್ಕಾನ ಆಗಿಲ್ಲ. ಒಂದ ಶಬ್ದ ಐತಿ. ಬರ್ರಿ, ಹೊಡೀರಿ. ಎಲ್ಲಾರಿಗೂ ಕಾಣ್ತಾವು."

ಎಲ್ಲರಿಗೂ ಕಾಣುತ್ತವೆ ಎಂದದ್ದೇ ತಡ, ಸರತಿಯಲ್ಲಿದ್ದ ಜನ ತಂತಮ್ಮ ಹೆಸರು ನೋಡಲು ಒಮ್ಮೆಲೇ ಒಳಕೋಣೆಗೆ ನುಗ್ಗಿದರು. ಶಮಶೇರಸಾಬರ ಕುರ್ಚಿಯ ಹಿಂದೆ ಹದಿನಾಲ್ಕು ತಲೆ! ಒಬ್ಬ ಪರದೆಗೆ ಮೂಗು ಹಚ್ಚಿ ಓದತೊಡಗಿದ. ಹನ್ನೊಂದು ವರ್ಷ ಯಾರೂ ನೋಡದ ಬರಹವನ್ನು ಪೇಟೆಯ ಜನವೆಲ್ಲ ನೋಡುತ್ತಿದೆ. ಶಮಶೇರಸಾಬರು ಜನರ ಹಿಂದೆಯೇ ಒಳಗೆ ನುಗ್ಗಿದರು. "ನೋಡಬ್ಯಾಡ್ರಿ!" ಎಂದು ಕಿರುಚಿದರು. ಅವರ ಕೈ ತಾನಾಗಿಯೇ ಗೋಡೆಗೆ ಹೋಯಿತು.

ಖಟ್.

ಎರಡೂ ಪರದೆ ಕಪ್ಪಾದವು. ಫ್ಯಾನ್ ನಿಧಾನವಾಗಿ ನಿಂತಿತು.

"ದಿನಾ ಸಂಜಿಕೆ ಹಿಂಗ ಮಾಡತೀರೇನ್ರಿ?" ಎಂದು ಮೇಡಂ ಮೆಲ್ಲಗೆ ಕೇಳಿದರು.

"ದಿನಾ," ಎಂದರು ಶಮಶೇರಸಾಬರು.

"ಹಂಗಾರ ದಿನಾ ಅಳಸಿದವರು ನೀವ."

ಮೇನ್ ಸ್ವಿಚ್ಚಿನ ಮೇಲಿದ್ದ ಕೈಯನ್ನು ಶಮಶೇರಸಾಬರು ಇದು ಯಾರದೋ ಎಂಬಂತೆ ನೋಡಿದರು. ಎದುರಿಗೆ ಗೋಣೆಪ್ಪ, ಪಕ್ಕದಲ್ಲಿ ಅಲ್ಲಾಬಕ್ಷರು, ಸುತ್ತಲೂ ಊರು. ಭೂಮಿ ಬಾಯಿ ಬಿಟ್ಟಿದ್ದರೆ ಅವರು ಆ ಬಿರುಕು ಯಾರು ತೋಡಿದರೆಂದು ಕೇಳದೆ ಇಳಿದುಬಿಡುತ್ತಿದ್ದರು.

ಸ್ವಿಚ್ ಮೇಲೆತ್ತಿ ಯಂತ್ರ ಎಚ್ಚರವಾಗಲು ಕಾಲು ತಾಸು ಹಿಡಿಯಿತು. ಗೋಣೆಪ್ಪನ ಮೂವತ್ತಾರು ಹೆಸರು ಇದ್ದಲ್ಲೇ ಇದ್ದವು. ಜೀಪು ಹೊರಡಲು ಒಂದೂಕಾಲು ತಾಸು ಉಳಿದಿತ್ತು. "ಲಗೂ ಕುಂದ್ರಿ, ಬರೀರಿ!" ಎಂದರು ಪರಮೇಶಪ್ಪನವರು. ಶಮಶೇರಸಾಬರು ಕೂತರು. ಒಂದರ ಬದಲು ಇನ್ನೊಂದು ಅಕ್ಷರ ಬಿತ್ತು. ಎದ್ದುಬಿಟ್ಟರು. ಬನಿಯನ್ನಿನ ಒಳಜೇಬಿಗೆ ಕೈಹಾಕಿ, ದಾರ ಸುತ್ತಿ ಇಟ್ಟಿದ್ದ ಅರ್ಜಿಗಳ ಕಟ್ಟನ್ನು ತೆಗೆದು ಕೌಂಟರಿಗೆ ಹೋದರು.

"ಗೋಣೆಪ್ಪಾ, ನೀನ ಬರಿ."

"ನಾ ಕಳ್ಳ ಅಲ್ಲೇನ್ರಿ?" ಎಂದ ಗೋಣೆಪ್ಪ, ಮುಖ ಆ ಕಡೆ ಮಾಡಿ.

"ನಂದು ತಪ್ಪಾತು. ಭಾಳ ತಪ್ಪಾತು. ಆಮ್ಯಾಲ ಚಪ್ಪಲಿಲೆ ಹೊಡಿ, ಈಗ ಬರಿ."

ಗೋಣೆಪ್ಪ ತೋಳು ಮೇಲೇರಿಸಿ ಕೂತ. ಎಡಗೈ ಅಡ್ಡ ಹಿಡಿದು ಬರೆದ ಮನುಷ್ಯ ಅಂದು ಕೌಂಟರಿನ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ, ಒಂದೊಂದೇ ಹೆಸರು ಓದಿದರು. "ಹೇಮಪ್ಪ, ತಂದೆ ಫಕ್ಕೀರಪ್ಪ, ಮೋಟೆಬೆನ್ನೂರು!" ಎಂದರೆ ಸರತಿಯಿಂದ ಯಾರೋ "ಹಾಂ, ನಂದ್ರಿ!" ಎನ್ನುತ್ತಿದ್ದರು. "ಚಮನಸಾಬ, ಕಾಗಿನೆಲಿ!" "ಇಲ್ಲೇ ಅದೀನ್ರಿ!" ಪ್ರತಿ ಹೆಸರೂ ಬಿದ್ದಲ್ಲಿ ಬಿದ್ದು, ಅಲ್ಲೇ ಉಳಿಯಿತು. ಮೂವತ್ತೈದು ಮುಗಿದಾಗ ಐದು ಗಂಟೆ ಹತ್ತು ನಿಮಿಷ. ಕೈಯಲ್ಲಿ ಉಳಿದದ್ದು ಒಂದೇ ಅರ್ಜಿ. ಅಲ್ಲಾಬಕ್ಷರು ಕನ್ನಡಕ ಏರಿಸಿ ಹತ್ತಿರ ಬಂದರು.

ಗೋಣೆಪ್ಪ ಕುರ್ಚಿ ಬಿಟ್ಟು ಎದ್ದ. "ಇದೊಂದ ನೀವ ಬರೀರಿ ಸಾಹೇಬ್ರ. ಅಳಿಯಂದು."

ಶಮಶೇರಸಾಬರು ತಲೆ ಅಲ್ಲಾಡಿಸಿದರು. "ಬ್ಯಾಡೋ ತಮ್ಮಾ. ಇಲ್ಲಿ ನಿಂತವ್ರೊಳಗ ಇದನ್ನ ಅಳಸಾಂವ ಯಾರಾರ ಇದ್ರ, ಅಂವ ಒಬ್ಬನ. ಅಂವನ ಕೈಯಾಗ ಕೊಡಬ್ಯಾಡ."

ಗೋಣೆಪ್ಪ ಬರೆದ. ಅಲ್ಲಾಬಕ್ಷರು ಪರದೆಯಲ್ಲಿ ಒಮ್ಮೆ, ಅಚ್ಚಾಗಿ ಬಂದ ಕಾಗದದಲ್ಲಿ ಒಮ್ಮೆ ಮಗನ ಹೆಸರು ಓದಿದರು. ಜೀಪು ಧೂಳೆಬ್ಬಿಸಿ ಹುಬ್ಬಳ್ಳಿಯ ಕಡೆ ಹೋಯಿತು. ಆಮೇಲೆ ಅಲ್ಲಾಬಕ್ಷರು ಶಮಶೇರಸಾಬರ ಕೈ ಹಿಡಿದುಕೊಂಡರು.

"ಊರ ಮುಂದ ನಂದ ತಪ್ಪು ಅಂದ್ರಲ್ಲ ಬೀಗ್ರ, ಅಷ್ಟ ಸಾಕು ನನಗ. ತಾರೀಖು ಹೇಳ್ತೇನಿ, ಬರಕೊಳ್ರಿ."

ಶಮಶೇರಸಾಬರು ಜೇಬಿನಿಂದ ಪೆನ್ನು ತೆಗೆದರು. ಅದರ ಟೊಪ್ಪಿಗೆ ಬಿಚ್ಚಿದರು. ತಮ್ಮ ಕೈಯನ್ನು ಇನ್ನೊಮ್ಮೆ ಸಂಶಯದಿಂದ ನೋಡಿ, ಪೆನ್ನನ್ನು ಗೋಣೆಪ್ಪನಿಗೆ ಕೊಟ್ಟರು.